ಎಚ್‌ಆರ್ ಯಾರ ಪರ ಅಂತ ಮೊದಲೇ ಹೇಳಿಬಿಡಲಿ

ಭಾರತದಲ್ಲಿ ಯಾವುದಾದರೂ ಎಚ್‌ಆರ್ ಮ್ಯಾನೇಜರನ್ನು "ನಿಮ್ಮ ಕೆಲಸ ಏನು" ಅಂತ ಕೇಳಿ ನೋಡಿ. "ಮ್ಯಾನೇಜ್‌ಮೆಂಟ್‌ಗೂ ನೌಕರರಿಗೂ ನಡುವೆ ನಾವು ಸೇತುವೆ" ಅನ್ನುತ್ತಾರೆ. ಅದೇ ಕಂಪನಿಯ ನೌಕರರಿಗೆ ಈ ಉತ್ತರ ಹೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಜರ್ಮನಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ ನನಗೆ ಸಿಕ್ಕ ಉತ್ತರವೇ ಬೇರೆ. ಇಲ್ಲಿನ ಎಚ್‌ಆರ್ ಮ್ಯಾನೇಜರ್ ಒಬ್ಬರು ಮುಖಕ್ಕೆ ಮುಖ ಕೊಟ್ಟು ಹೇಳಿದರು: "ನಾನು ಕಂಪನಿ ಪರ. ನಿಮ್ಮ ಪರ ಮಾತಾಡೋಕೆ ಬೇರೆಯವರಿದ್ದಾರೆ, ಅವರ ಆಫೀಸು ಮೇಲಿನ ಮಹಡಿಯಲ್ಲಿದೆ." ಆಗ ಒರಟು ಅನಿಸಿತ್ತು. ಈಗ, ಎಚ್‌ಆರ್ ಕಡೆಯಿಂದ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದೇ ಅನಿಸುತ್ತದೆ.

ನಾನು ಎಚ್‌ಆರ್ ಓದಿದವನಲ್ಲ. ನನ್ನದು ಸಾಫ್ಟ್‌ವೇರ್, ಜೊತೆಗೆ ಟೀಂ ನೋಡಿಕೊಳ್ಳುವ ಕೆಲಸ. ಆದರೆ ಟೀಂ ನೋಡಿಕೊಳ್ಳುವವನು ಎಚ್‌ಆರ್ ಜೊತೆ ಕೂರದೆ ಆಗುವುದಿಲ್ಲ. ಯಾರನ್ನು ತೆಗೆದುಕೊಳ್ಳಬೇಕು, ಯಾರಿಗೆ ಎಷ್ಟು ಹೆಚ್ಚಿಸಬೇಕು, ಯಾರು ರಜೆ ಮೇಲೆ ಹೋಗಿದ್ದಾರೆ, ಯಾರ ಮೇಲೆ ಯಾರ ದೂರು ಇದೆ, ಎಲ್ಲಕ್ಕೂ ಅವರೇ. ಎರಡೂ ದೇಶಗಳಲ್ಲಿ ಆ ಮೇಜಿನ ಎರಡೂ ಬದಿ ಕೂತಿದ್ದೇನೆ. ಅದರಿಂದ ಬಂದ ಅನಿಸಿಕೆ ಇದು, ಒಪ್ಪದವರು ಒಪ್ಪದೇ ಇರಬಹುದು.

ಕೆಲಸದ ಪಟ್ಟಿ ನೋಡಿದರೆ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ನೇಮಕ, ಸಂಬಳ, ತರಬೇತಿ, ವರ್ಷದ ಅಪ್ರೈಸಲ್, ರಜೆ, ದೂರು, ಶಿಸ್ತು, ಕೆಲಸದಿಂದ ತೆಗೆಯುವುದು, ಇದೆಲ್ಲ ಕಾನೂನಿನ ಪ್ರಕಾರ ನಡೆದಿದೆಯಾ ಅಂತ ನೋಡುವುದು. ಎಲ್ಲ ಪುಸ್ತಕಗಳಲ್ಲೂ ಇದೇ ಇರುತ್ತದೆ. ಈ ಪಟ್ಟಿಯೊಳಗೆ ಒಂದು ಜಗಳ ಅಡಗಿ ಕೂತಿದೆ, ಅದನ್ನು ಯಾವ ಪುಸ್ತಕವೂ ಸರಿಯಾಗಿ ಹೇಳುವುದಿಲ್ಲ. ದೂರು ಕೇಳುವವರೂ ಅವರೇ, ಶಿಸ್ತು ಕ್ರಮ ತೆಗೆದುಕೊಳ್ಳುವವರೂ ಅವರೇ. ಬೆಳಿಗ್ಗೆ "ಏನೇ ಕಷ್ಟ ಇದ್ರೂ ನನ್ನ ಹತ್ರ ಬನ್ನಿ" ಅಂದ ವ್ಯಕ್ತಿ ಸಂಜೆ ರಾಜೀನಾಮೆ ಪತ್ರದ ನಮೂನೆ ಮುಂದಿಡಬೇಕು. ಅವರ ಸಂಬಳ ಬರುವುದು ಕಂಪನಿಯಿಂದ, ಬಡ್ತಿ ಕೊಡುವುದು ಡೈರೆಕ್ಟರ್. ಹೀಗಿರುವಾಗ ಇಬ್ಬರಿಗೂ ಸಮನಾಗಿ ನಿಲ್ಲುತ್ತೇವೆ ಅಂದರೆ ನಂಬುವುದು ಹೇಗೆ? ಇದರಲ್ಲಿ ಎಚ್‌ಆರ್ ಅವರ ಸ್ವಭಾವದ ತಪ್ಪೇನೂ ಇಲ್ಲ. ಭಾರತದಲ್ಲಿ ನಾನು ನೋಡಿದ ಎಚ್‌ಆರ್‌ಗಳಲ್ಲಿ ಬಹಳ ಜನ ಒಳ್ಳೆಯವರೇ. ಆದರೆ ಒಳ್ಳೆಯತನ ಒಂದನ್ನೇ ನಂಬಿಕೊಂಡು ನಡೆಸುವ ಹುದ್ದೆ ಇದಲ್ಲ ಅಂತ ನನ್ನ ವಾದ.

ಜರ್ಮನಿಯಲ್ಲಿ ಈ ಜಗಳವನ್ನು ಹೇಗೆ ಬಿಡಿಸಿದ್ದಾರೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮವರು ಇಲ್ಲಿಗೆ ಬಂದ ಹೊಸದರಲ್ಲಿ ಇದನ್ನು ಯೂನಿಯನ್ ಅಂದುಕೊಂಡು ದೂರ ಇರುತ್ತಾರೆ. ಇಲ್ಲಿ ಬೆಟ್ರೀಬ್ಸ್‌ರಾಟ್ ಅಂತ ಒಂದು ಮಂಡಳಿ ಇರುತ್ತದೆ. ನೌಕರರ ಮಂಡಳಿ ಅನ್ನೋಣ. ಕಂಪನಿಯ ನೌಕರರೇ 4 ವರ್ಷಕ್ಕೊಮ್ಮೆ ಓಟು ಹಾಕಿ ಇದನ್ನು ಆರಿಸುತ್ತಾರೆ. ಐದು ಜನ ಕಾಯಂ ನೌಕರರಿದ್ದರೆ ಸಾಕು, ಬೇಕೆಂದರೆ ಮಂಡಳಿ ಮಾಡಿಕೊಳ್ಳಬಹುದು. ಯೂನಿಯನ್ ಸದಸ್ಯತ್ವ ಬೇಕಿಲ್ಲ. ಖರ್ಚು ಕಂಪನಿಯದು. 200 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಮಂಡಳಿಯ ಕೆಲಸವನ್ನೇ ಪೂರ್ತಿ ಹೊತ್ತು ಮಾಡುವ ಸದಸ್ಯರಿರುತ್ತಾರೆ, ಸಂಬಳ ಮಾತ್ರ ಹಳೇ ಹುದ್ದೆಯದ್ದೇ. ಇದರ ಮೊದಲ ಕಾನೂನು ಬಂದಿದ್ದು 1920ರಲ್ಲಿ, ಈಗ ನಡೆಯುತ್ತಿರುವುದು 1972ರದ್ದು, ನಡುನಡುವೆ ತಿದ್ದುಪಡಿಯಾಗಿದೆ.

ಈ ಮಂಡಳಿಗೆ ಇರುವ ಹಲ್ಲು ನೋಡಿ. ಯಾರನ್ನೇ ಕೆಲಸದಿಂದ ತೆಗೆಯುವ ಮೊದಲು ಎಚ್‌ಆರ್ ಮ್ಯಾನೇಜರ್ ಮಂಡಳಿಗೆ ಕಾರಣ ತಿಳಿಸಿ ಅಭಿಪ್ರಾಯ ಕೇಳಬೇಕು. ಕೇಳದೆ ತೆಗೆದರೆ ಆ ಆದೇಶಕ್ಕೆ ಬೆಲೆಯೇ ಇಲ್ಲ, ಕಾರಣ ಎಷ್ಟೇ ಸರಿಯಿದ್ದರೂ. ಸಾಮಾನ್ಯ ನೋಟಿಸಿನ ಮೇಲೆ ತೆಗೆಯುವುದಾದರೆ ಮಂಡಳಿಗೆ ಉತ್ತರ ಕೊಡಲು ಒಂದು ವಾರ, ತಕ್ಷಣ ತೆಗೆಯುವುದಾದರೆ ಮೂರು ದಿನ. ಮಂಡಳಿ ಬೇಡ ಅಂದರೂ ಕಂಪನಿ ತೆಗೆಯಬಹುದು, ಅದು ಬೇರೆ ಮಾತು. ಆದರೆ ಬೇಡ ಅಂದ ಕಾಗದ ಆಮೇಲೆ ಕೋರ್ಟಿನಲ್ಲಿ ಮೇಜಿನ ಮೇಲೆ ಬರುತ್ತದೆ. 20ಕ್ಕಿಂತ ಜಾಸ್ತಿ ಜನ ಇರುವ ಕಡೆ ಹೊಸಬರನ್ನು ತೆಗೆದುಕೊಳ್ಳುವುದಕ್ಕೂ ಮಂಡಳಿಯ ಒಪ್ಪಿಗೆ ಬೇಕು, ಬಂದ ಅರ್ಜಿಗಳನ್ನು ಅವರಿಗೆ ತೋರಿಸಬೇಕು. ಕೆಲಸದ ವೇಳೆ ಬದಲಾಯಿಸಲು, ಓವರ್‌ಟೈಮ್ ಹಾಕಲು ಅವರ ಜೊತೆ ಕೂತು ಮಾತಾಡಲೇಬೇಕು. ನೌಕರರ ಮೇಲೆ ಕಣ್ಣಿಡಬಲ್ಲ ಯಾವುದೇ ಸಾಫ್ಟ್‌ವೇರ್ ತರಬೇಕಾದರೂ ಅಷ್ಟೆ. ಕೊನೆಯದ್ದು ನನಗೆ ಸ್ವಂತ ಅನುಭವಕ್ಕೆ ಬಂತು. ನಮ್ಮ ಟೀಮಿಗೆ ಒಂದು ಹೊಸ ಟೂಲ್ ಬೇಕಿತ್ತು, ಯಾರು ಎಷ್ಟು ಹೊತ್ತಿಗೆ ಏನು ಮಾಡಿದರು ಅನ್ನೋದು ಅದರಲ್ಲಿ ತಾನಾಗಿ ದಾಖಲಾಗುತ್ತಿತ್ತು. ಮಂಡಳಿ ಒಪ್ಪಲಿಲ್ಲ. ತಿಂಗಳುಗಟ್ಟಲೆ ಮಾತುಕತೆ ನಡೆದು, ಹೆಸರು ಕಾಣದ ಹಾಗೆ ಮಾಡಿದ ಮೇಲೆ ಒಪ್ಪಿಗೆ ಸಿಕ್ಕಿತು. ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಭಾರತದಲ್ಲಿ ಅಂಥದ್ದೇ ಟೂಲ್ ಬಂದಾಗ ನಮಗೆಲ್ಲ ಒಂದು ಇಮೇಲ್ ಬಂದಿತ್ತು, "ಸೋಮವಾರದಿಂದ ಜಾರಿ" ಅಂತ. ಕೆಳಗೆ ಎಚ್‌ಆರ್ ಅವರ ಸಹಿ, ಜೊತೆಗೊಂದು ನಗುಮುಖ.

ಇಷ್ಟೆಲ್ಲ ಇರುವಾಗ ಇಲ್ಲಿನ ಎಚ್‌ಆರ್ ಮ್ಯಾನೇಜರಿಗೆ ಕೈಕಟ್ಟಿ ಹಾಕಿದ ಹಾಗಾಗುವುದಿಲ್ಲವಾ ಅಂತ ನೀವು ಕೇಳಬಹುದು. ಆಗುತ್ತದೆ, ಅದರಿಂದ ಅವರಿಗೆ ಲಾಭವೂ ಇದೆ. ಒಬ್ಬ ಡೈರೆಕ್ಟರ್ ಬಂದು "ಈ ಮನುಷ್ಯ ನನಗೆ ಬೇಡ, ಈ ತಿಂಗಳೇ ಕಳಿಸಿ" ಅಂದರೆ ಭಾರತದ ಎಚ್‌ಆರ್ ಏನು ಹೇಳಬೇಕು? ಇಲ್ಲ ಅನ್ನಲು ಅವರ ಕೈಯಲ್ಲಿ ಏನಿದೆ? ಇಲ್ಲಿನವರು "ಮಂಡಳಿಗೆ ಯಾವ ಕಾರಣ ಬರೆಯಲಿ?" ಅಂತ ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಡೈರೆಕ್ಟರ್ ಅರ್ಧ ತಣ್ಣಗಾಗುತ್ತಾರೆ. ಹತ್ತಕ್ಕಿಂತ ಜಾಸ್ತಿ ಜನ ಇರುವ ಕಂಪನಿಯಲ್ಲಿ, ಆರು ತಿಂಗಳು ದಾಟಿದ ನೌಕರರನ್ನು ತೆಗೆಯಲು ಕಾನೂನು ಮೂರೇ ಬಗೆಯ ಕಾರಣ ಒಪ್ಪುತ್ತದೆ. ನೌಕರರ ನಡತೆ, ಕಾಯಿಲೆಯಂಥ ಅವರ ಸ್ವಂತ ಸ್ಥಿತಿ, ಅಥವಾ ಕಂಪನಿಯಲ್ಲಿ ಆ ಕೆಲಸವೇ ಇಲ್ಲದಾಗುವುದು. ಕೆಲಸವೇ ಇಲ್ಲ ಅಂದರೂ ಯಾರನ್ನು ತೆಗೆಯಬೇಕು ಅನ್ನೋದು ಮ್ಯಾನೇಜರ್ ಇಷ್ಟಕ್ಕೆ ಬಿಟ್ಟಿದ್ದಲ್ಲ. ಒಂದೇ ತರದ ಕೆಲಸದಲ್ಲಿ ಇರುವವರನ್ನು ಸಾಲಾಗಿ ಇಟ್ಟುಕೊಂಡು ಎಷ್ಟು ವರ್ಷದ ಸರ್ವೀಸು, ವಯಸ್ಸು ಎಷ್ಟು, ಎಷ್ಟು ಜನರನ್ನು ಸಾಕಬೇಕು, ಅಂಗವೈಕಲ್ಯ ಇದೆಯಾ ಅಂತ ತೂಗಿ ನೋಡಬೇಕು. ಕೊನೆಗೆ ಕಾಗದ ಕೂಡ ಕೈಯಲ್ಲಿ ಸಹಿ ಮಾಡಿದ್ದೇ ಆಗಬೇಕು. ಇಮೇಲ್, ವಾಟ್ಸ್ಯಾಪ್, ಸ್ಕ್ಯಾನ್ ಯಾವುದೂ ನಡೆಯುವುದಿಲ್ಲ. ಕಾಗದ ಕೈಸೇರಿದ ಮೂರು ವಾರದೊಳಗೆ ಲೇಬರ್ ಕೋರ್ಟಿಗೆ ಹೋಗುವ ಹಕ್ಕು ನೌಕರರಿಗಿದೆ, ಬಹಳಷ್ಟು ಕೇಸು ಅಲ್ಲಿ ಪರಿಹಾರದ ಮೊತ್ತಕ್ಕೆ ರಾಜಿಯಾಗಿ ಮುಗಿಯುತ್ತವೆ.

ಇದಕ್ಕೆ ಎದುರಾಗಿ ಭಾರತದಲ್ಲಿ ನಾನು ಕಣ್ಣಾರೆ ಕಂಡಿದ್ದು ಹೇಳುತ್ತೇನೆ. ಕಂಪನಿ ಹೆಸರು ಬೇಡ, ಐಟಿಯಲ್ಲಿ ಇದ್ದವರಿಗೆ ಇದು ಯಾವ ಕಂಪನಿಯ ಕಥೆಯಾದರೂ ಆಗಬಹುದು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬನನ್ನು ಮಧ್ಯಾಹ್ನ ಒಂದು ಸಣ್ಣ ಮೀಟಿಂಗ್ ರೂಮಿಗೆ ಕರೆದರು. ಒಳಗೆ ಎಚ್‌ಆರ್ ಮೇಡಂ, ಅವನ ಮ್ಯಾನೇಜರ್, ಮೇಜಿನ ಮೇಲೆ ಟೈಪ್ ಮಾಡಿಟ್ಟ ರಾಜೀನಾಮೆ ಪತ್ರ. "ನಾವು ತೆಗೆದರೆ ರೆಕಾರ್ಡಿಗೆ ಬರುತ್ತೆ, ಮುಂದೆ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ತೊಂದರೆ. ನೀವೇ ಬಿಟ್ಟರೆ ಒಳ್ಳೇದು. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ" ಅಂದರಂತೆ ಮೇಡಂ. ಫೋನ್ ಹೊರಗಿಟ್ಟು ಬರಲು ಹೇಳಿದ್ದರು. ಮನೆಯವರಿಗೊಂದು ಮಾತು ಕೇಳುತ್ತೇನೆ ಅಂದರೂ ಬಿಡಲಿಲ್ಲ. ಅವನು ಸಹಿ ಹಾಕಿದ. ದಾಖಲೆಯಲ್ಲಿ ಅದು "ವೈಯಕ್ತಿಕ ಕಾರಣಕ್ಕೆ ರಾಜೀನಾಮೆ". ಆ ಮೇಡಂ ಕೆಟ್ಟವರಲ್ಲ, ಆಮೇಲೆ ಅವನಿಗೆ ಬೇರೆ ಕಡೆ ಎರಡು ಸಂದರ್ಶನ ಕೊಡಿಸಿದವರೂ ಅವರೇ! ನನ್ನನ್ನು ಕಾಡುವುದು "ನಿಮ್ಮ ಒಳ್ಳೇದಕ್ಕೇ" ಅನ್ನುವ ಮಾತು. ಆ ಹೊತ್ತಿನಲ್ಲಿ ಆ ರೂಮಿನೊಳಗೆ ಅವನ ಒಳ್ಳೆಯದನ್ನು ನೋಡುವವರು ಯಾರೂ ಇರಲಿಲ್ಲ, ಅವನಿಗೆ ಇದ್ದಾರೆ ಅನಿಸುವ ಹಾಗೆ ಮಾಡಲಾಗಿತ್ತು.

ಜರ್ಮನಿಯಲ್ಲಿ ನಾನಿದ್ದ ಕಂಪನಿಯಲ್ಲೂ ಜನರನ್ನು ತೆಗೆದಿದ್ದಾರೆ. ಇಲ್ಲೇನು ಸ್ವರ್ಗ ಇಲ್ಲ. ಆ ಮಾತುಕತೆ ಶುರುವಾಗುವ ಮೊದಲು ಎಚ್‌ಆರ್ ಮ್ಯಾನೇಜರ್ "ಬೇಕಾದರೆ ಮಂಡಳಿಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ" ಅಂದರು. ಬಂದವರು ಪಕ್ಕದಲ್ಲಿ ಕೂತು ಮೊದಲು ಹೇಳಿದ್ದು, "ಇವತ್ತು ಯಾವುದಕ್ಕೂ ಸಹಿ ಹಾಕಬೇಡಿ". ಎಚ್‌ಆರ್ ಮ್ಯಾನೇಜರ್ ತಲೆಯಾಡಿಸಿದರು, ಇದು ಅವರು ನಿರೀಕ್ಷಿಸಿದ ಮಾತೇ. ಮುಂದೆ ನಡೆದದ್ದು ತಣ್ಣನೆಯ ವ್ಯವಹಾರ. ಯಾರೂ ಯಾರಿಗೂ ಸಮಾಧಾನ ಹೇಳಲಿಲ್ಲ. ಆದರೆ ಯಾರೂ ಯಾರನ್ನೂ ಹೆದರಿಸಲೂ ಇಲ್ಲ.

ಈಗ ಯಾರಾದರೂ "ಅದು ಅವರ ದೇಶದ ಪದ್ಧತಿ, ನಮ್ಮಲ್ಲಿ ಇದೆಲ್ಲ ಎಲ್ಲಿ" ಅನ್ನುವ ಮೊದಲು ನಮ್ಮದೇ ಹಳೆಯ ಕಾನೂನು ತೆಗೆದು ನೋಡಬೇಕು. ಭಾರತದಲ್ಲಿ ಈ ಹುದ್ದೆ ಹುಟ್ಟಿದ್ದೇ ಕಾರ್ಮಿಕರ ಕಡೆಯಿಂದ. ಹಿಂದೆ ಗಿರಣಿಗಳಲ್ಲಿ ಆಳು ತರುವ ಕೆಲಸ ಜಾಬರ್ ಅನ್ನುವ ಮಧ್ಯವರ್ತಿಗಳ ಕೈಯಲ್ಲಿತ್ತು. ಕೆಲಸ ಕೊಡಿಸಲು ಲಂಚ, ಉಳಿಸಿಕೊಳ್ಳಲು ಲಂಚ, ರಜೆ ಮುಗಿಸಿ ವಾಪಸು ಬಂದರೂ ಲಂಚ. ಕಾರ್ಮಿಕರ ಸ್ಥಿತಿ ನೋಡಲು ಬ್ರಿಟಿಷ್ ಸರ್ಕಾರ ನೇಮಿಸಿದ, ಜೆ.ಎಚ್. ವಿಟ್ಲಿ ಅಧ್ಯಕ್ಷರಾಗಿದ್ದ ರಾಯಲ್ ಕಮಿಷನ್ 1931ರ ವರದಿಯಲ್ಲಿ, ಇದನ್ನು ತಪ್ಪಿಸಲು ಗಿರಣಿಗಳಲ್ಲಿ ಲೇಬರ್ ಆಫೀಸರ್ ನೇಮಿಸಿ ಅಂತ ಶಿಫಾರಸು ಮಾಡಿತು. 1936ರಲ್ಲಿ ಮುಂಬೈಯಲ್ಲಿ ಶುರುವಾದ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಮೊದಲ ಹೆಸರು ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಶಿಯಲ್ ವರ್ಕ್. ಈಗ ಅಲ್ಲಿನ ಎಚ್‌ಆರ್ ಕೋರ್ಸಿಗೆ ಸೇರಲು ಮಕ್ಕಳು ಮುಗಿಬೀಳುತ್ತಾರೆ. ಆ ಕೋರ್ಸಿನ ಬೇರು ಇರುವುದು ಸಮಾಜಸೇವೆಯ ಶಾಲೆಯಲ್ಲಿ ಅಂತ ಎಷ್ಟು ಜನರಿಗೆ ಗೊತ್ತೋ.

ಆಮೇಲೆ 1948ರ ಫ್ಯಾಕ್ಟರಿ ಕಾಯಿದೆ ಬಂತು. ಅದರ 49ನೇ ಸೆಕ್ಷನ್ ಪ್ರಕಾರ 500 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ವೆಲ್ಫೇರ್ ಆಫೀಸರ್, ಅಂದರೆ ಕಾರ್ಮಿಕರ ಕ್ಷೇಮ ನೋಡುವ ಅಧಿಕಾರಿ, ಇರಲೇಬೇಕಿತ್ತು. ಇದರ ಕೆಳಗೆ ರಾಜ್ಯಗಳು ಮಾಡಿದ ನಿಯಮಗಳನ್ನು ಓದಿದರೆ ಆಶ್ಚರ್ಯ ಆಗುತ್ತದೆ. ಹಲವು ರಾಜ್ಯಗಳ ನಿಯಮದಲ್ಲಿ, ಹೆಚ್ಚಿನ ಕಾರ್ಮಿಕರು ಆಡುವ ಭಾಷೆ ವೆಲ್ಫೇರ್ ಆಫೀಸರಿಗೆ ಬರಬೇಕು ಅಂತಿತ್ತು. ಇನ್ನೂ ಮುಖ್ಯವಾದದ್ದು, ಕಾರ್ಮಿಕರ ಮೇಲಿನ ಶಿಸ್ತು ಕ್ರಮದಲ್ಲಿ ಅವರು ಕೈಹಾಕಬಾರದು, ಮ್ಯಾನೇಜ್‌ಮೆಂಟ್ ಪರವಾಗಿ ಕಾರ್ಮಿಕರ ವಿರುದ್ಧ ಹಾಜರಾಗಬಾರದು ಅಂತ ಹಲವು ಕಡೆ ಬರೆದಿದ್ದರು. ಅಂದರೆ ಕಷ್ಟ ಕೇಳುವವರು ಬೇರೆ, ಶಿಕ್ಷೆ ಕೊಡುವವರು ಬೇರೆ ಇರಬೇಕು ಅನ್ನುವ ತಿಳಿವಳಿಕೆ ನಮ್ಮಲ್ಲಿ ಆಗಲೇ ಇತ್ತು, ಕಾಗದದ ಮೇಲಾದರೂ. ನಂತರ ಹೆಸರು ಪರ್ಸನಲ್ ಮ್ಯಾನೇಜರ್ ಆಯಿತು, ಅದಾದ ಮೇಲೆ ಎಚ್‌ಆರ್, ಈಗೀಗ ಪೀಪಲ್ ಪಾರ್ಟ್‌ನರ್. ಹೆಸರು ಮೃದುವಾದಷ್ಟೂ ಎರಡು ಕೆಲಸಗಳ ನಡುವಿನ ಗೆರೆ ಅಳಿಸುತ್ತಾ ಬಂತು. ಐಟಿ ಕಂಪನಿಗಳ ಕಾಲಕ್ಕೆ ಪೂರ್ತಿ ಅಳಿಸಿಹೋಯಿತು. ಕೆಲಸದ ನಿಯಮಗಳನ್ನು ಕಂಪನಿ ಬರೆದಿಡಬೇಕು ಅನ್ನುವ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆಯಿಂದ ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಮತ್ತೆ ಮತ್ತೆ ವಿನಾಯಿತಿ ಕೊಟ್ಟಿದ್ದರು. ಆ ವಿನಾಯಿತಿಗೆ ಒಂದು ಷರತ್ತು ಕೂಡ ಇತ್ತು, ಕಂಪನಿಯೊಳಗೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ನೌಕರರ ಪ್ರತಿನಿಧಿಗಳೂ ಸಮನಾಗಿ ಇರಬೇಕು ಅಂತ. ನಾನು ಅಲ್ಲಿ ಕೆಲಸ ಮಾಡಿದ ಕಾಲದಲ್ಲಿ ಅಂಥ ಸಮಿತಿಯ ಮುಖ ನೋಡಲಿಲ್ಲ. ನಮಗೆ ಇದ್ದಿದ್ದು ಒಂದು ಇಮೇಲ್ ವಿಳಾಸ. ಅದನ್ನು ಓದುತ್ತಿದ್ದವರು ಎಚ್‌ಆರ್.

ನೌಕರರಿಗೆ ಹುಷಾರಿಲ್ಲದಾಗ ಎಚ್‌ಆರ್ ಹೇಗೆ ನಡೆದುಕೊಳ್ಳುತ್ತದೆ ಅನ್ನೋದೂ ಹೋಲಿಸಿ ನೋಡುವಂಥದ್ದು. ಭಾರತದಲ್ಲಿ ಹುಷಾರಿಲ್ಲ ಅಂತ ಮೆಸೇಜ್ ಹಾಕಿದರೆ ಏನಾಯ್ತು, ಯಾವ ಡಾಕ್ಟರು, ಲ್ಯಾಪ್‌ಟಾಪ್ ಜೊತೆಗಿದೆಯಾ ಅಂತ ಫೋನ್ ಬರುತ್ತದೆ. ಅರ್ಧ ಕಾಳಜಿ, ಅರ್ಧ ತನಿಖೆ, ಯಾವುದು ಎಷ್ಟು ಅಂತ ಹೇಳುವುದು ಕಷ್ಟ. ಜರ್ಮನಿಯಲ್ಲಿ ಏನು ಕಾಯಿಲೆ ಅಂತ ಕಂಪನಿಗೆ ತಿಳಿಸಬೇಕಾಗಿಲ್ಲ. ಕಾಯಿಲೆ ಮೂರು ದಿನ ದಾಟಿದರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಅದರ ಕಂಪನಿ ಪ್ರತಿಯಲ್ಲಿ ಕಾಯಿಲೆಯ ಹೆಸರೇ ಇರುವುದಿಲ್ಲ. 2023ರಿಂದ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಇರುವವರ ಆ ಕಾಗದವನ್ನೂ ಕಂಪನಿ ವಿಮೆಯವರಿಂದ ಕಂಪ್ಯೂಟರಿನಲ್ಲೇ ತರಿಸಿಕೊಳ್ಳುತ್ತದೆ. ಆರು ವಾರದವರೆಗೆ ಪೂರ್ತಿ ಸಂಬಳ ಕಂಪನಿ ಕೊಡಬೇಕು, ಆಮೇಲೆ ಸಂಬಳದ ಒಂದು ಭಾಗವನ್ನು ವಿಮೆಯವರು ಕೊಡುತ್ತಾರೆ. 12 ತಿಂಗಳಲ್ಲಿ ಒಟ್ಟು ಆರು ವಾರಕ್ಕಿಂತ ಜಾಸ್ತಿ ಕಾಯಿಲೆ ಬಿದ್ದರೆ ಎಚ್‌ಆರ್ ಆ ನೌಕರರನ್ನು ಮಾತಿಗೆ ಕರೆಯಬೇಕು ಅಂತ ಕಾನೂನೇ ಇದೆ. ಕೆಲಸಕ್ಕೆ ಹೇಗೆ ಮರಳಬಹುದು, ಕುರ್ಚಿ ಬದಲಾಯಿಸಬೇಕಾ, ಹೊತ್ತು ಕಡಿಮೆ ಮಾಡಬೇಕಾ ಅಂತ ಹುಡುಕಲು. ಬರುವುದು ಬಿಡುವುದು ನೌಕರರ ಇಷ್ಟ. ಕಂಪನಿ ಕರೆಯದೇ ಇದ್ದು, ಮುಂದೆ ಕಾಯಿಲೆಯ ಕಾರಣಕ್ಕೆ ಅವರನ್ನು ತೆಗೆದರೆ ಕೋರ್ಟಿನಲ್ಲಿ ಕಂಪನಿಗೇ ಕಷ್ಟ.

ನೋಟಿಸ್ ಪೀರಿಯಡ್ ಬಗ್ಗೆ ನಮ್ಮವರು ಬಹಳ ದೂರುತ್ತಾರೆ, ಮೂರು ತಿಂಗಳು ಹಿಡಿದಿಡುತ್ತಾರೆ ಅಂತ. ಇಲ್ಲೂ ಕಾಂಟ್ರಾಕ್ಟುಗಳಲ್ಲಿ ಮೂರು ತಿಂಗಳು ಮಾಮೂಲು. ವ್ಯತ್ಯಾಸ ಇರುವುದು ಭಾರತದಲ್ಲಿ ರಿಲೀವಿಂಗ್ ಲೆಟರ್, ಅಂದರೆ ಕೆಲಸದಿಂದ ಬಿಡುಗಡೆ ಮಾಡಿದ ಪತ್ರ, ಹಿಡಿದು ಆಟ ಆಡಿಸುವುದರಲ್ಲಿ. ಇಲ್ಲಿ ಬಿಟ್ಟು ಹೋಗುವವರಿಗೆ ಅವರ ಕೆಲಸದ ಬಗ್ಗೆ ಸರ್ಟಿಫಿಕೇಟ್ ಕೊಡಲೇಬೇಕು, ಅದು ಹಕ್ಕು. ಅದೂ ನಿಜವಾಗಿರಬೇಕು, ಮುಂದಿನ ದಾರಿಗೆ ಅಡ್ಡಿಯಾಗಬಾರದು. ಹಾಗಾಗಿ ಎಚ್‌ಆರ್‌ನವರು ಹೊಗಳಿಕೆಯಲ್ಲೇ ಅಂಕ ಕೊಡುವ ವಿದ್ಯೆ ಕಲಿತಿದ್ದಾರೆ. ಓದಿದರೆ ಎಲ್ಲರೂ ಬಂಗಾರದಂಥ ನೌಕರರೇ. ಗೊತ್ತಿದ್ದವರು ಮಾತ್ರ ಸಾಲುಗಳ ನಡುವೆ ಓದಿ ಇವನು ಮೂರನೇ ದರ್ಜೆ ಅಂತ ಹೇಳುತ್ತಾರೆ. ಇದೊಂದು ಬೂಟಾಟಿಕೆ, ನನಗೆ ಹಿಡಿಸುವುದಿಲ್ಲ.

ಸಂಬಳದ ವಿಷಯ. ಸಂದರ್ಶನದಲ್ಲಿ "ಈಗ ನಿಮ್ಮ ಸಿಟಿಸಿ (ವರ್ಷದ ಒಟ್ಟು ಸಂಬಳದ ಪ್ಯಾಕೇಜ್) ಎಷ್ಟು, ಮೂರು ತಿಂಗಳ ಪೇ ಸ್ಲಿಪ್ ಕಳಿಸಿ" ಅನ್ನುವುದು ಭಾರತದ ಎಚ್‌ಆರ್‌ಗೆ ರೂಢಿಯಾಗಿಬಿಟ್ಟಿದೆ. ಹಳೇ ಕಂಪನಿ ಕಡಿಮೆ ಕೊಟ್ಟಿದ್ದರೆ ಹೊಸ ಕಂಪನಿಯೂ ಅದರ ಮೇಲೆ ಇಷ್ಟು ಪರ್ಸೆಂಟ್ ಅಂತ ಲೆಕ್ಕ ಹಾಕುತ್ತದೆ, ಒಮ್ಮೆ ಹಿಂದೆ ಬಿದ್ದವರು ಹಿಂದೆಯೇ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಸಂಬಳ ಪಾರದರ್ಶಕತೆಯ ನಿರ್ದೇಶನ ಈ ಪ್ರಶ್ನೆಯನ್ನೇ ಕೇಳಬಾರದು ಅನ್ನುತ್ತದೆ. ಈ ಹುದ್ದೆಗೆ ಸಂಬಳ ಎಷ್ಟರಿಂದ ಎಷ್ಟು ಅಂತ ಕಂಪನಿಯೇ ಮೊದಲು ತಿಳಿಸಬೇಕು. ಸದಸ್ಯ ದೇಶಗಳು ತಮ್ಮ ಕಾನೂನಿಗೆ ಇದನ್ನು ಸೇರಿಸಲು ಇಟ್ಟ ಗಡುವು 2026ರ ಜೂನ್ 7. ಭಾರತದ ಎಚ್‌ಆರ್ ಮ್ಯಾನೇಜರುಗಳು ಯಾವ ಕಾನೂನೂ ಇಲ್ಲದೆ ನಾಳೆಯೇ ಬಿಡಬಹುದಾದ ಅಭ್ಯಾಸ ಇದು.

ಇಷ್ಟು ಹೇಳಿ, ಜರ್ಮನಿಯ ಎಚ್‌ಆರ್ ನನಗೆ ಯಾವಾಗಲೂ ಇಷ್ಟ ಅಂದುಕೊಳ್ಳಬೇಡಿ. ಕೆಲಸಕ್ಕೆ ಸೇರಿದ ದಿನ ಒಂದು ಫೈಲು, ಒಂದು ಕೀ ಕೊಟ್ಟು ಕಳಿಸಿದರು, ಅಷ್ಟೆ. ಏನಾದರೂ ಕೇಳಿದರೆ ಉತ್ತರಕ್ಕೆ ವಾರ ಕಾಯಬೇಕು. ಎಲ್ಲಕ್ಕೂ ಒಂದು ಫಾರ್ಮು, ಆ ಫಾರ್ಮಿಗೆ ಇನ್ನೊಂದು ಫಾರ್ಮು. ಹೊರದೇಶದಿಂದ ಬಂದವನ ವೀಸಾ ಗಾಬರಿ ಅವರಿಗೆ ಅರ್ಥವೇ ಆಗುವುದಿಲ್ಲ. ಭಾರತದ ಎಚ್‌ಆರ್ ಇಂಥದ್ದರಲ್ಲಿ ಎಷ್ಟೋ ಮೇಲು. ನಿಯಮದಲ್ಲಿ ಇಲ್ಲದಿದ್ದರೂ "ಹೋಗಿ ಬನ್ನಿ, ನಾನು ನೋಡ್ಕೋತೀನಿ" ಅಂತ ರಜೆ ಕೊಟ್ಟವರು, ಸಂಬಳ ಮುಂಗಡ ಕೊಡಿಸಿದವರು ಅಲ್ಲೇ ಸಿಕ್ಕಿದ್ದು. ಮಂಡಳಿಯಲ್ಲೂ ಹುಳುಕಿದೆ. ಸಣ್ಣ ಕಂಪನಿಗಳಲ್ಲಿ ಬಹುಪಾಲು ಮಂಡಳಿಯೇ ಇರುವುದಿಲ್ಲ, ಯಾಕೆಂದರೆ ನೌಕರರು ಮುಂದೆ ಬಂದು ಚುನಾವಣೆ ನಡೆಸಬೇಕು, ಕಂಪನಿ ತಾನಾಗಿ ಮಾಡುವುದಿಲ್ಲ. ಇರುವ ಕಡೆ ಕಲಾಪವೆಲ್ಲ ಜರ್ಮನ್ ಭಾಷೆಯಲ್ಲಿ, ನಮ್ಮಂಥವರು ಸಭೆಯಲ್ಲಿ ಸುಮ್ನೆ ತಲೆಯಾಡಿಸಿ ಬರುವುದು. ಹಳಬರು ಹಳಬರನ್ನು ಕಾಪಾಡಿಕೊಳ್ಳುತ್ತಾರೆ, ಹೊಸಬರು ಹೊರಗೆ, ಅನ್ನುವ ದೂರು ಪೂರ್ತಿ ಸುಳ್ಳಲ್ಲ.

ಭಾರತ ಇಡೀ ಜರ್ಮನಿಗಿಂತ ಮುಂದೆ ಇರುವ ವಿಷಯವೂ ಒಂದಿದೆ, ಅದನ್ನು ಇಲ್ಲಿನವರಿಗೆ ನಾನು ಹೇಳುತ್ತಲೇ ಇರುತ್ತೇನೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ. ಅದಕ್ಕೆ ದಾರಿ ಮಾಡಿದ್ದು ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು. ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು, ಅಧ್ಯಕ್ಷತೆ ಹಿರಿಯ ಹುದ್ದೆಯ ಮಹಿಳೆಗೆ, ಕನಿಷ್ಠ ಅರ್ಧ ಸದಸ್ಯರು ಮಹಿಳೆಯರು, ಒಬ್ಬರು ಹೊರಗಿನವರು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಜರ್ಮನಿಯಲ್ಲಿ 2006ರ ಸಮಾನತೆಯ ಕಾನೂನಿನ ಪ್ರಕಾರ ದೂರು ಕೇಳುವ ಒಂದು ಜಾಗ ಇರಬೇಕು, ಆದರೆ ಅದರಲ್ಲಿ ಯಾರಿರಬೇಕು, ಎಷ್ಟು ದಿನದಲ್ಲಿ ಮುಗಿಸಬೇಕು ಅಂತ ಇಷ್ಟು ಬಿಗಿಯಾಗಿ ಹೇಳಿಲ್ಲ. ಭಾರತದ ಈ ಕಾಯಿದೆ ಬರೆದವರಿಗೆ ಒಂದು ವಿಷಯ ಗೊತ್ತಿತ್ತು ಅನಿಸುತ್ತದೆ. ಇಂಥ ದೂರನ್ನು ಎಚ್‌ಆರ್ ಮ್ಯಾನೇಜರ್ ಒಬ್ಬರ ಮೇಜಿನ ಮೇಲೆ ಬಿಟ್ಟರೆ, ಆರೋಪಿ ದೊಡ್ಡ ಹುದ್ದೆಯವನಾಗಿದ್ದರೆ, ಅದು ಅಲ್ಲೇ ಮುಚ್ಚಿಹೋಗುತ್ತದೆ. ಹೊರಗಿನವರೊಬ್ಬರು ಕೂತಿದ್ದರೆ ಮುಚ್ಚುವುದು ಅಷ್ಟು ಸುಲಭ ಅಲ್ಲ. ಜಾರಿ ಸರಿಯಿಲ್ಲ ಅಂತ ಸುಪ್ರೀಂ ಕೋರ್ಟೇ 2023ರಲ್ಲಿ ಬೇಸರ ಮಾಡಿಕೊಂಡಿತ್ತು, ನಿಜ. ಎಷ್ಟೋ ಕಡೆ ಸಮಿತಿಯ ಫೈಲು, ಮಿನಿಟ್ಸು, ಸಾಕ್ಷಿ ಕರೆಯುವುದು ಎಲ್ಲ ಕೊನೆಗೆ ಎಚ್‌ಆರ್ ಕೈಗೇ ಬರುತ್ತದೆ. ಆದರೂ ಚೌಕಟ್ಟು ಸರಿಯಾಗಿದೆ, ಅದೇ ಚೌಕಟ್ಟನ್ನು ಬೇರೆ ದೂರುಗಳಿಗೆ ಯಾಕೆ ಹಾಕಬಾರದು ಅಂತ ನನ್ನ ಪ್ರಶ್ನೆ.

ಇದಕ್ಕೆ ಒಂದು ಉತ್ತರ ಭಾರತದ ಹೊಸ ಕಾನೂನಿನಲ್ಲೇ ಇದೆ. ಹಳೆಯ ಕಾರ್ಮಿಕ ಕಾನೂನುಗಳನ್ನು ಒಟ್ಟುಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅದರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ, ಅಂದರೆ 2020ರಲ್ಲಿ ಪಾಸಾದದ್ದು, 20 ಅಥವಾ ಜಾಸ್ತಿ ಕಾರ್ಮಿಕರಿರುವ ಕಡೆ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು ಅನ್ನುತ್ತದೆ. ಕಂಪನಿಯವರು ಅರ್ಧ, ಕಾರ್ಮಿಕರ ಪ್ರತಿನಿಧಿಗಳು ಅರ್ಧ, ಒಟ್ಟು ಹತ್ತು ಜನ ಮೀರಬಾರದು. ಮಹಿಳೆಯರಿಗೆ ತಕ್ಕಷ್ಟು ಜಾಗ. ಅಧ್ಯಕ್ಷ ಸ್ಥಾನ ಒಂದು ವರ್ಷ ಇವರಿಗೆ, ಇನ್ನೊಂದು ವರ್ಷ ಅವರಿಗೆ. ದೂರು ಬಂದ 30 ದಿನದಲ್ಲಿ ಮುಗಿಸಬೇಕು. 100 ಅಥವಾ ಜಾಸ್ತಿ ಜನ ಇರುವ ಕಡೆ ಸರ್ಕಾರ ಹೇಳಿದರೆ ಎರಡೂ ಕಡೆಯವರು ಕೂರುವ ವರ್ಕ್ಸ್ ಕಮಿಟಿ ಬೇರೆ. ಅದೇನೂ ಹೊಸದಲ್ಲ, 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲೇ ಇತ್ತು. ಆದರೆ ಆ ಕಮಿಟಿಗೆ ಹೇಳಿದ ಕೆಲಸ ಸೌಹಾರ್ದ ಬೆಳೆಸುವುದು, ಇಲ್ಲ ಅನ್ನುವ ಅಧಿಕಾರ ಅದಕ್ಕಿಲ್ಲ. ಜರ್ಮನಿಯ ಮಂಡಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಈ ಇಷ್ಟೇ ಅನ್ನೋದು ಬಹಳ ದೊಡ್ಡದು.

ಕಾರ್ಮಿಕ ಅಂದರೆ ಯಾರು ಅನ್ನೋದು ಬೇರೆ ತಕರಾರು. ಮ್ಯಾನೇಜರ್ ಹುದ್ದೆಯವರು ಈ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಐಟಿಯಲ್ಲಿ ಎಲ್ಲರ ಕಾರ್ಡಿನಲ್ಲೂ ಲೀಡ್, ಮ್ಯಾನೇಜರ್ ಅಂತ ಬರೆದಿರುತ್ತದೆ, ಕೈಕೆಳಗೆ ಒಬ್ಬರೂ ಇರುವುದಿಲ್ಲ. ಹುದ್ದೆಯ ಹೆಸರಿಗಿಂತ ಮಾಡುವ ಕೆಲಸ ಏನು ಅಂತ ಕೋರ್ಟುಗಳು ನೋಡುತ್ತವೆ, ಆದರೆ ಅಲ್ಲಿವರೆಗೆ ಹೋಗುವವರು ಎಷ್ಟು ಜನ?

ಹಾಗಾಗಿ ಭಾರತದಲ್ಲಿರುವ ಎಚ್‌ಆರ್ ಮ್ಯಾನೇಜರುಗಳಿಗೆ ನಾನು ಹೇಳುವುದು ಇಷ್ಟು. ಈ ಸಮಿತಿಯನ್ನು ನೀವೇ ಕೂತು ಹೆಸರು ಬರೆದು ಮುಗಿಸಬೇಡಿ. ಹಾಗೆ ಮುಗಿಸುವುದು ಬಹಳ ಸುಲಭ ಅಂತ ಗೊತ್ತು, ನಿಮ್ಮ ಮಾತು ಕೇಳುವ ಐದು ಜನ ಎಲ್ಲ ಕಂಪನಿಯಲ್ಲೂ ಇರುತ್ತಾರೆ. ನೌಕರರ ಕಡೆಯ ಹೆಸರುಗಳನ್ನು ನೌಕರರೇ ಆರಿಸಲಿ, ಗುಟ್ಟಿನ ಓಟು ಹಾಕಿ. ಮ್ಯಾನೇಜರ್ ಅಂತ ಕಾರ್ಡ್ ಇದ್ದವರಿಗೂ ದೂರು ಕೊಡಲು ಅವಕಾಶ ಕೊಡಿ, ಕಾನೂನು ಬೇಡ ಅಂದಿಲ್ಲವಲ್ಲ. ಸಮಿತಿ ಎದುರು ನೀವು ಕಂಪನಿಯ ವಾದ ಮಂಡಿಸಿ, ಜೋರಾಗಿಯೇ ಮಂಡಿಸಿ. ಮುಂದಿನ ಸಲ ಡೈರೆಕ್ಟರ್ ಬಂದು ಯಾರನ್ನೋ ಈ ತಿಂಗಳೇ ಕಳಿಸಿ ಅಂದಾಗ, ಸಮಿತಿಗೆ ಏನು ಬರೆಯಲಿ ಅಂತ ಕೇಳಲು ನಿಮಗೂ ಒಂದು ಜಾಗ ಸಿಗುತ್ತದೆ. ನೌಕರರೂ ಅಷ್ಟೆ, ಸಮಿತಿಯ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ದಿನ, ಈ ಐದು ಜನರನ್ನು ಆರಿಸಿದವರು ಯಾರು, ಯಾವತ್ತು ಓಟು ಹಾಕಿಸಿದಿರಿ ಅಂತ ಬರವಣಿಗೆಯಲ್ಲಿ ಕೇಳಿ.